ಅಳಿವೆಯ ಅಧ್ಯಾಯ

ನವೆಂಬರ್ 11, ಗಂಗಾವತಿ

ಗೋವಿಂದರಾಜ ಸರ್ ನಾಲ್ಕನೇ ಅಧ್ಯಾಯವನ್ನು ಮತ್ತೆ ವಾಪಸ್ ಕಳಿಸಿದ್ದಾರೆ. ಅಂಚಿನ ತುಂಬ ಕೆಂಪು ಶಾಯಿ. "ಬಿರುಗಾಳಿ ಇಲ್ಲಿ ಬರೀ ಗಾಳಿಯಲ್ಲ. ಅದರ ಸಾಂಕೇತಿಕತೆ ಎಲ್ಲಿ?" ಎಂದು ಕೇಳಿದ್ದಾರೆ. ಸಂಕೇತ, ಸಂಕೇತ! ಈ ಮನುಷ್ಯ ಚಹಾ ಕೊಟ್ಟರೂ ಅದು ಯಾವುದರ ಸಂಕೇತ ಎಂದು ವಿಚಾರಿಸಿಕೊಂಡೇ ಕುಡಿಯುತ್ತಾರೋ ಏನೋ.

ನನ್ನ ಪಿಎಚ್.ಡಿ. ವಿಷಯ ಕೇಳಿದವರೆಲ್ಲ ನಗುತ್ತಾರೆ. ಬಿರುಗಾಳಿಗೆ ಸಿಕ್ಕ ಕಡಲ ಮೀನುಗಾರರ ಕಥೆ, ಕಾದಂಬರಿಗಳು. ಬರೆಯುತ್ತಿರುವವಳು ಕೊಪ್ಪಳ ಜಿಲ್ಲೆಯವಳು, ಇಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಸಮುದ್ರವನ್ನು ಟಿವಿಯಲ್ಲಿ ಮಾತ್ರ ಕಂಡವಳು. "ನೀವು ಅಂಬಿಗರ ಮನೆಯವರು ಶಿವಲೀಲಾ, ನಿಮಗೆ ನೀರು ಗೊತ್ತಿರುತ್ತದೆ" ಎಂದು ಸರ್ ವಿಷಯ ಕೊಟ್ಟರು. ನಮಗೆ ಗೊತ್ತಿರುವುದು ಡ್ಯಾಮಿನ ಹಿನ್ನೀರು. ಅಪ್ಪ ಅದರಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಾನೆ, ಹುಲಿಗಿಯ ಕಡೆ ಹೋಗಿ ಮಾರುತ್ತಾನೆ. ಅಷ್ಟೇ ನಮ್ಮ ಸಾಗರ.

ಐದು ಕಾದಂಬರಿ ಓದಿ ಮುಗಿಸಿದೆ. ಎಲ್ಲದರಲ್ಲೂ ಬಿರುಗಾಳಿ ಕೊನೆಗೆ ಎರಡು ಅಧ್ಯಾಯ ಉಳಿದಿರುವಾಗ ಸರಿಯಾಗಿ ಬಂದುಬಿಡುತ್ತದೆ, ಬಸ್ಸಿನ ಟೈಮಿಗೆ ಬಂದ ಹಾಗೆ. ಗಂಡಸರು ಮುಳುಗುತ್ತಾರೆ. ಹೆಂಗಸರು ದಡದಲ್ಲಿ ಕೂದಲು ಬಿಚ್ಚಿಕೊಂಡು ನಿಂತಿರುತ್ತಾರೆ. ಒಬ್ಬ ಲೇಖಕನಾದರೂ ಒಬ್ಬ ಹೆಂಗಸಿಗೆ ಒಂದು ಕೆಲಸ ಕೊಟ್ಟಿಲ್ಲ! ಇದನ್ನು ಥೀಸಿಸ್‌ನಲ್ಲಿ ಬರೆದರೆ ಸರ್ ಅದನ್ನೂ ಕೆಂಪು ಮಾಡುತ್ತಾರೆ.

ನಮ್ಮ ಮನೆಯಲ್ಲಿ ಕಡಲು ಕಂಡವನು ತಮ್ಮ ಗವಿಸಿದ್ದೇಶ ಒಬ್ಬನೇ. "ಈ ನಿಂತ ನೀರಾಗ ಸುತ್ತಿ ಸುತ್ತಿ ಸಾಕಾತು" ಎಂದು ಆಗಸ್ಟಿನಲ್ಲಿ ಮಲ್ಪೆಗೆ ಹೋಗಿ ಆಳಸಮುದ್ರದ ಬೋಟಿಗೆ ಕಲಾಸಿಯಾಗಿ ಸೇರಿದ. ಬಲೆ ಎಳೆಯುವುದು, ಮೀನು ಆರಿಸುವುದು, ಐಸು ಹಾಕುವುದು. ಹೋದರೆ ಹತ್ತು ಹನ್ನೆರಡು ದಿನ ನೀರಿನ ಮೇಲೆಯೇ ಇರುತ್ತಾನೆ. ಫೋನಿನಲ್ಲಿ ಕೇಳಿದೆ, ಸಮುದ್ರ ಹೆಂಗೈತಿ, ನನ್ನ ಥೀಸಿಸ್‌ಗೆ ಎರಡು ಮಾತು ಹೇಳು ಅಂತ. "ಅಕ್ಕಾ, ಉಪ್ಪು ಭಾಳ ಐತಿ" ಅಂದ. ಕತ್ತೆ.

ನವೆಂಬರ್ 16, ಊರು

ಭಾನುವಾರ ಅಂತ ಊರಿಗೆ ಬಂದೆ. ಬಂದು ತಾಸೂ ಆಗಿಲ್ಲ, ಅವ್ವನ ಕೈಲಿ ಬೈಸಿಕೊಂಡೆ. ಪಾತ್ರೆ ತೊಳೆದು ನೀರಿಳಿಯಲೆಂದು ಬೋರಲು ಹಾಕಿದ್ದೇ ತಪ್ಪು.

"ಎಷ್ಟ್ ಸಲ ಹೇಳ್ಬೇಕ ನಿನಗ? ತಮ್ಮ ನೀರ ಮ್ಯಾಲ ಅದಾನ, ನೀ ಕೊಡ ಡಬ್ಬ ಹಾಕ್ತೀಯಲ್ಲ!" ಎಂದು ಓಡಿ ಬಂದು ಎಲ್ಲವನ್ನೂ ಮೇಲ್ಮುಖ ಮಾಡಿದಳು.

ನಮ್ಮ ಮನೆಯ ಪದ್ಧತಿ ಇದು. ಗಂಡಸು ನೀರಿಗಿಳಿದಿರುವಾಗ ಮನೆಯಲ್ಲಿ ಯಾವ ಪಾತ್ರೆಯನ್ನೂ ಬೋರಲು ಹಾಕಬಾರದು, ತೆಪ್ಪ ಮಗುಚಿದ ಹಾಗೆ ಆಗುತ್ತದಂತೆ. ಅಪ್ಪ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಕಾಲಕ್ಕೆ ಅದು ನಡೆಯುತ್ತಿತ್ತು. ಈಗ ಗವಿ ವಾರಗಟ್ಟಲೆ ಬರುವುದಿಲ್ಲ, ಆಗಸ್ಟಿನಿಂದ ನಮ್ಮನೆಯಲ್ಲಿ ಒಂದು ಲೋಟವೂ ಬೋರಲು ಬಿದ್ದಿಲ್ಲ. ಅವ್ವ ಮೇಲೆ ಬಟ್ಟೆ ಮುಚ್ಚಿ ಇಡುತ್ತಾಳೆ, ಆದರೂ ಧೂಳು, ಹಲ್ಲಿ, ಇರುವೆ. ಪ್ರತಿಸಲ ತೊಳೆದೇ ನೀರು ಕುಡಿಯಬೇಕು.

"ಅವ್ವಾ, ಅರಬ್ಬೀ ಸಮುದ್ರಕ್ಕೂ ನಿನ್ನ ಕೊಡಕ್ಕೂ ಏನ್ ಸಂಬಂಧ?" ಅಂದೆ.

"ನಿಮ್ಮ ಸಾಲಿಯಾಗ ಇದನ್ನ ಕಲಿಸಂಗಿಲ್ಲ, ಸುಮ್ನಿರು" ಅಂದಳು ಕಳಕಮ್ಮ, ನನ್ನ ಹೆತ್ತ ತಾಯಿ.

ಅಪ್ಪ ನಗುತ್ತ ಬಲೆ ಹೊಲಿಯುತ್ತಿದ್ದ. ಅವನು ಯಾರ ಪರವನ್ನೂ ವಹಿಸುವುದಿಲ್ಲ.

ನವೆಂಬರ್ 19

ಇವತ್ತು ಒಳ್ಳೆಯ ಕೆಲಸವಾಯಿತು. ಮೂರನೇ ಕಾದಂಬರಿಯ ಅಳಿವೆಯ ಅಧ್ಯಾಯವನ್ನು ಮತ್ತೆ ಓದಿದೆ. ಅಳಿವೆ ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಬಿರುಗಾಳಿ ಎದ್ದಾಗ ಒಂದು ದೋಣಿ ಹೊರಗೆ ಆಳದಲ್ಲೇ ನಿಲ್ಲುತ್ತದೆ, ಇನ್ನೊಂದು ಮನೆ ಸೇರುವ ಆಸೆಗೆ ಅಳಿವೆಯತ್ತ ಓಡುತ್ತದೆ. ಆಳದಲ್ಲಿದ್ದದ್ದು ಉಳಿಯುತ್ತದೆ. ಓಡಿ ಬಂದದ್ದು ದಡದಲ್ಲಿ ನಿಂತವರ ಕಣ್ಣೆದುರೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮಗುಚುತ್ತದೆ. ಮುದುಕನೊಬ್ಬ ಹೇಳುತ್ತಾನೆ, ಹುಚ್ಚು ಹಿಡಿದ ಕಡಲಿನಲ್ಲಿ ದಡವೇ ವೈರಿ ಎಂದು.

ನೋಟ್ಸಿನಲ್ಲಿ ಬರೆದೆ: "ರಕ್ಷಿಸಬೇಕಾದ ದಡವೇ ಕೊಲ್ಲುವ ವಿಪರ್ಯಾಸ. ಮನೆ ಎಂಬ ಪರಿಕಲ್ಪನೆಯ ಸಾಂಕೇತಿಕ ಭಗ್ನತೆ." ಸರ್ ಕುಣಿದಾಡುತ್ತಾರೆ. ಎರಡು ಪುಟ ಒಂದೇ ಉಸಿರಿಗೆ ಬಂತು. ಖುಷಿಗೆ ಹೋಗಿ ಮಿರ್ಚಿ ತಿಂದು ಬಂದೆ.

ನವೆಂಬರ್ 22, ಊರು

ಮನಸ್ಸಿಗೆ ಸಮಾಧಾನವಿಲ್ಲ. ಮಧ್ಯಾಹ್ನ ಗವಿ ಫೋನ್ ಮಾಡಿದ್ದ, ಬೋಟಿನಿಂದಲೇ.

"ಅಕ್ಕಾ, ಸಿಗ್ನಲ್ ಈಗ ಸಿಕ್ಕೈತಿ, ಯಾವಾಗ ಹೋಗ್ತೈತೋ ಗೊತ್ತಿಲ್ಲ. ದೊಡ್ಡ ಗಾಳಿ ಬರ್ತೈತಂತ. ನಮ್ಮ ತಾಂಡೇಲ ಆಳದಾಗ ಹೋಗಿ ಕಾರವಾರದ ಕಡೆ ನಿಲ್ಲೂಣು ಅನ್ನಾಕತ್ಯಾನ. ಬಾಜೂಕ ಇನ್ನೊಂದು ಬೋಟ್ ಐತಿ, ಅದು ಸೀದಾ ದಂಡಿಗೆ ಹೊಂಟೈತಿ. ಬರಾವ್ರು ಬರ್ರಿ ಅಂತ ಕರ್ಯಾಕತ್ಯಾರ. ಏನ್ ಮಾಡ್ಲಿ?"

ತಾಂಡೇಲ ಅಂದರೆ ಬೋಟ್ ನಡೆಸುವವನು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಫೋನ್ ಕಿತ್ತುಕೊಂಡ.

"ಲೇ ಗವ್ಯಾ, ತೆಲಿ ಕೆಟ್ಟೈತೇನು ಅವಂಗ? ಗಾಳಿ ಎದ್ದಾಗ ಯಾರರ ನಡುನೀರಿಗೆ ಹೋಗ್ತಾರೇನು? ದಂಡಿಗೆ ಹೊಂಟ ಬೋಟ್ ಹತ್ತು. ದಂಡಿ ಹಿಡಿ ಮಗನ, ದಂಡಿ ಹಿಡಿ!"

ನಾನೂ ಪಕ್ಕದಿಂದ ಕೂಗಿದೆ. "ಅಪ್ಪ ಹೇಳಿದ್ದು ಕೇಳೋ, ಜಾಣ ಆಗಬ್ಯಾಡ!"

"ಅಪ್ಪಾ, ಏನಂದಿ? ಕೇಳವಲ್ದು..." ಅಂದ. ಆಮೇಲೆ ಸದ್ದೇ ಇಲ್ಲ. ತಿರುಗಿ ಎಷ್ಟು ಸಲ ಹಚ್ಚಿದರೂ ಸಂಪರ್ಕ ಕ್ಷೇತ್ರದ ಹೊರಗೆ.

ಅಪ್ಪ ಹೇಳಿದ್ದು ಸರಿ. ಹಿನ್ನೀರಿನಲ್ಲಿ ಗಾಳಿ ಎದ್ದಾಗ ಅವನು ಯಾವತ್ತೂ ಹಾಗೆಯೇ ಬದುಕಿ ಬಂದಿದ್ದಾನೆ. ಹತ್ತಿರದ ದಂಡೆಗೆ ತೆಪ್ಪ ನೂಕಿ, ಮೇಲಕ್ಕೆಳೆದು, ಮಗುಚಿ ಅದರ ಕೆಳಗೆ ಕೂತುಬಿಡುವುದು. ಕೇಳಿಸಿತೋ ಇಲ್ಲವೋ ಹುಡುಗನಿಗೆ.

ನವೆಂಬರ್ 24, ಗಂಗಾವತಿ

ಥೂ, ನಾನೆಂಥ ಮಬ್ಬು!

ಸರ್‌ಗೆ ಕಳಿಸಲು ಅಧ್ಯಾಯ ಟೈಪ್ ಮಾಡುತ್ತಿದ್ದೆ. "ದಡವೇ ಕೊಲ್ಲುವ ವಿಪರ್ಯಾಸ" ಎಂದು ಬೆರಳು ಒತ್ತಿತು, ಅಲ್ಲೇ ನಿಂತಿತು. ವಿಪರ್ಯಾಸವಲ್ಲ ಅದು, ಮರಳು! ಅಳಿವೆಯ ಬಾಯಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬ ಇರುತ್ತದೆ. ಆಳದಲ್ಲಿ ಏರಿ ಇಳಿಯುವ ತೆರೆ ಅಲ್ಲಿಗೆ ಬಂದಾಗ ಎದ್ದು ಒಡೆಯುತ್ತದೆ, ಬೋಟನ್ನು ಅಡ್ಡ ಮಾಡಿ ಕೆಡವುತ್ತದೆ. ಇದೆಲ್ಲ ಕಾದಂಬರಿಯಲ್ಲೇ ಇದೆ, ಅಕ್ಷರ ಅಕ್ಷರ ಇದೆ. ನಾನು ಕೆಳಗೆ ಗೆರೆ ಎಳೆದು ಸಂಕೇತ ಅಂತ ಬರೆದೆ. ಹಿನ್ನೀರಿನ ದಂಡೆಗೆ ತೆರೆ ಒಡೆಯುವುದಿಲ್ಲ, ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ಜೊತೆ ಸೇರಿ ಕೂಗಿದೆ.

ಗವಿಗೆ ಫೋನ್ ಹೋಗುತ್ತಿಲ್ಲ. ವಾಯ್ಸ್ ಮೆಸೇಜ್ ಕಳಿಸಿದೆ. "ಗವಿ, ದಂಡಿಗೆ ಬರಬ್ಯಾಡೋ, ತಾಂಡೇಲ ಹೇಳಿದಂಗ ಕೇಳು, ಆಳದಾಗ ಇರು, ಅಪ್ಪಗ ನಾ ಹೇಳ್ತೀನಿ." ಒಂದೇ ಟಿಕ್ ಗೆರೆ ಬಂದಿದೆ, ಅವನಿಗೆ ಮುಟ್ಟಿಲ್ಲ.

ಮಲ್ಪೆಯಲ್ಲಿ ಬೋಟಿನ ಕಡೆಯವರೊಬ್ಬರ ನಂಬರ್ ಗವಿ ಕೊಟ್ಟಿದ್ದ. ಅವರಿಗೆ ಹಚ್ಚಿದೆ.

"ಹೆದರಬೇಡಿ ಮಾರಾಯ್ತಿ, ತಾಂಡೇಲರಿಗೆ ಎಲ್ಲ ಗೊತ್ತುಂಟು. ವೈರ್‌ಲೆಸ್ ಸಿಗ್ತಾ ಇಲ್ಲ. ಸಿಕ್ಕಿದ ಕೂಡ್ಲೇ ಫೋನ್ ಮಾಡ್ತೇನೆ."

"ಬಾಜೂಕ ಇನ್ನೊಂದು ಬೋಟ್ ಇತ್ತಂತಲ್ರಿ?"

"ಅದು ನಮ್ಮದಲ್ಲ ಅಮ್ಮ."

ಅಧ್ಯಾಯ ಕಳಿಸಲಿಲ್ಲ.

ನವೆಂಬರ್ 25

ಒಂದೇ ಗೆರೆ.

ಇಲ್ಲಿ ಎಲೆ ಅಲ್ಲಾಡುತ್ತಿಲ್ಲ. ಆಕಾಶ ತೊಳೆದಿಟ್ಟ ಹಾಗಿದೆ, ಭತ್ತದ ಗದ್ದೆಗಳಲ್ಲಿ ಕಟಾವಿನ ಮಷಿನ್ನುಗಳು ಓಡಾಡುತ್ತಿವೆ, ಜನ ಬಿಸಿಲು ಅಂತ ಬೈದುಕೊಳ್ಳುತ್ತಿದ್ದಾರೆ. ಇಂಥ ಊರಲ್ಲಿ ಕೂತು ಬಿರುಗಾಳಿಗೆ ಹೆದರುವುದು ಹೇಗೆ? ಟಿವಿಯಲ್ಲಿ ತೆಂಗಿನಮರ ಬಾಗುವುದನ್ನು ತೋರಿಸುತ್ತಾರೆ, ನಂತರ ಜಾಹೀರಾತು. ಕ್ಲಾಸಿನಲ್ಲಿ ಹಳಗನ್ನಡ ಪಾಠ ಮಾಡುತ್ತ ಅರ್ಧಕ್ಕೆ ಫೋನ್ ನೋಡಿದೆ. ಹುಡುಗಿಯರು ಕಿಸಕ್ಕೆಂದರು. ಯಾರೋ ಹುಡುಗ ಅಂದುಕೊಂಡಿರಬೇಕು.

ಸಂಜೆ ಮನೆ ಮಾಲಕಿ ಮಾಶಾಬಿ ಚಾಚಿ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು.

"ಯಾಕವ್ವ ಟೀಚರ್, ಪಾತ್ರಿ ತೊಳ್ದು ಹಂಗ ನೀರ ತುಂಬಿಸಿಕೊಂಡು ಇಟ್ಟೀಯಲ್ಲ, ಡಬ್ಬ ಹಾಕು, ಸೊಳ್ಳಿ ಆಗ್ತಾವು."

"ಇರ್ಲಿ ಬಿಡ್ರಿ ಚಾಚಿ" ಅಂದೆ. ಒಣಬಟ್ಟೆಯಿಂದ ಒರೆಸಿಟ್ಟೆ.

ನವೆಂಬರ್ 26

ಒಂದೇ ಗೆರೆ. ಅವ್ವನ ಫೋನ್ ಎಂಟು ಸಲ. ಅಪ್ಪನದು ಒಂದೂ ಇಲ್ಲ.

ನವೆಂಬರ್ 27

ಬದುಕಿದ! ಬದುಕಿದ! ಮಲ್ಪೆಯವರು ಫೋನ್ ಮಾಡಿದ್ದರು. "ನಿಮ್ಮ ತಮ್ಮನ ಬೋಟ್ ಸೇಫ್ ಉಂಟು ಅಮ್ಮ. ಕಾರವಾರದಲ್ಲಿ ನಿಂತಿದೆ. ಈಗಷ್ಟೇ ಸುದ್ದಿ ಬಂತು."

ಕಾಲೇಜಿನ ಕಾರಿಡಾರಿನಲ್ಲೇ ಅತ್ತುಬಿಟ್ಟೆ, ಯಾರು ನೋಡಿದರೂ ನೋಡಲಿ. ಮನೆಗೆ ಹಚ್ಚಿದೆ. ಅವ್ವ ಹುಲಿಗೆಮ್ಮನಿಗೆ ಏನೇನೋ ಹರಕೆ ಹೇಳುತ್ತ ಹೋದಳು, ಫೋನ್ ಕೈಯಲ್ಲಿರುವುದೇ ಮರೆತುಹೋಗಿತ್ತು. ಅಪ್ಪ ತೆಗೆದುಕೊಂಡ.

"ಹಂಗಾದ್ರ ನನ್ನ ಮಾತ ಕೇಳಿಲ್ಲ ಮಗ" ಅಂದ.

"ನಿನ್ನ ಮಾತ ಅವ ಯಾವಾಗ ಕೇಳ್ಯಾನಪ್ಪ!" ಅಂದೆ. ಇಬ್ಬರೂ ನಕ್ಕೆವು. ಬಂದ ಮೇಲೆ ಕಿವಿ ಹಿಂಡುವುದು ಅವನ ಕೆಲಸ, ತಲೆಗೆ ಎರಡು ಕೊಡುವುದು ನನ್ನದು ಎಂದು ಹಂಚಿಕೊಂಡೆವು.

ಚಾಚಿಗೆ, ಅವಳ ಮಗ ವಾಹೀದನಿಗೆ, ಓಣಿಯ ಹುಡುಗರಿಗೆಲ್ಲ ಜಿಲೇಬಿ ಕೊಡಿಸಿದೆ. ನನ್ನ ಐದು ಕಾದಂಬರಿಕಾರರಾಗಿದ್ದರೆ ಮುಳುಗಿಸದೆ ಬಿಡುತ್ತಿರಲಿಲ್ಲ. ನಾಳೆ ಅಧ್ಯಾಯ ಮುಗಿಸಬೇಕು. ಮೆಸೇಜ್ ಮಾತ್ರ ಇನ್ನೂ ಒಂದೇ ಗೆರೆಯಲ್ಲಿದೆ. ಫೋನ್ ನೀರಿಗೆ ಬೀಳಿಸಿಕೊಂಡಿರಬೇಕು, ಅವನ ಕೈ ಅಂಥದ್ದೇ.

ನವೆಂಬರ್ 28

ಮಂಜೂರ ಫೋನ್ ಮಾಡಿದ. ಕುಷ್ಟಗಿಯ ಹುಡುಗ, ಗವಿಯ ಜೊತೆ ಅದೇ ಬೋಟಿನಲ್ಲಿದ್ದವನು. ಕಾರವಾರದಿಂದ.

ಗವಿ ಆ ಬೋಟಿನಲ್ಲಿ ಇಲ್ಲ.

ಡಿಸೆಂಬರ್ 1

ಬರೆಯದಿದ್ದರೆ ತಲೆ ಸಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವ ಎದ್ದು ನಿಲ್ಲುವ ಹಾಗಿರಲಿಲ್ಲ. ಅಪ್ಪ ಅವಳ ಹತ್ತಿರವೇ ಕೂತು, "ಆ ನೀರಿನ ಮಾರಿ ನಾ ನೋಡಂಗಿಲ್ಲ, ನೀ ಹೋಗಿ ನನ್ನ ಮಗನ್ನ ಕರಕೊಂಡ್ ಬಾ" ಅಂದ. ಚಾಚಿ ತಾನಾಗಿ ವಾಹೀದನನ್ನು ಕಾರಿನ ಸಮೇತ ಕಳಿಸಿದಳು. ದಾರಿಯುದ್ದಕ್ಕೂ ಆ ಹುಡುಗ ರೇಡಿಯೊ ಹಾಕಲಿಲ್ಲ. ಅವನ ಋಣ ತೀರಿಸಲಾರೆ.

ದಂಡೆಗೆ ಹೊರಟಿದ್ದ ಆ ಇನ್ನೊಂದು ಬೋಟ್ ಮಲ್ಪೆಯ ಹತ್ತಿರದ ಅಳಿವೆಯಲ್ಲಿ ಮಗುಚಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ನನ್ನನ್ನೇ ಕರೆದರು. ಚಿಕ್ಕಂದಿನಲ್ಲಿ ಉಗುರು ಕಿತ್ತುಹೋಗಿದ್ದ ಎಡಗಾಲಿನ ಹೆಬ್ಬೆರಳು ನೋಡಿ ಹೌದು ಅಂದೆ. ಮುಖ ನೋಡುವುದು ಬೇಡ ಅಂದರು.

ಮಂಜೂರ ಬಂದಿದ್ದ. ಅವನೇ ನನ್ನನ್ನು ಅಳಿವೆಗೆ ಕರೆದುಕೊಂಡು ಹೋದ, ನಾನೇ ಕೇಳಿದ್ದೆ. ಕಡಲು ನೋಡಿದೆ. ಐದು ಕಾದಂಬರಿಗಳಿಂದ ಕಡಲಿನ ವರ್ಣನೆಗಳನ್ನು ಕಾರ್ಡು ಮಾಡಿ ಇಟ್ಟುಕೊಂಡಿದ್ದೇನೆ, ಒಂದೂ ನೆನಪಾಗಲಿಲ್ಲ. ಅಲ್ಲಿತ್ತು, ಅಷ್ಟೇ. ಶಾಂತವಾಗಿತ್ತು. ಹುಡುಗರು ಗಾಳ ಹಾಕುತ್ತಿದ್ದರು. ಬೋಟ್ ಮಗುಚಿದ ಜಾಗ ಎಂದು ಮಂಜೂರ ತೋರಿಸಿದ್ದು ನಮ್ಮೂರ ಗುಡಿಯಿಂದ ನಮ್ಮ ಮನೆಗಿರುವಷ್ಟು ದೂರವೂ ಇಲ್ಲ. ಕೂಗಿದ್ದು ಕೇಳಿಸಿತ್ತು, ಹಗ್ಗ ಎಸೆದೆವು, ಮುಟ್ಟಲಿಲ್ಲ ಎಂದು ಅಲ್ಲಿಯ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡು ಅತ್ತಳು. ಕಾದಂಬರಿಗಳಲ್ಲಿ ಹೆಂಗಸರಿಗೆ ಕೆಲಸ ಕೊಟ್ಟಿಲ್ಲ ಎಂದು ಬರೆದಿದ್ದೆನಲ್ಲ. ಅವಳ ಅಂಗೈ ಹಗ್ಗಕ್ಕೆ ಸುಲಿದಿತ್ತು.

"ಆ ಬೋಟ್‌ಗೆ ಯಾಕ ಹೋದ?" ಅಂತ ಮಂಜೂರನನ್ನು ಕೇಳಿದೆ. ನನಗೆ ಗೊತ್ತಿತ್ತು, ಆದರೂ ಕೇಳಿದೆ.

"ನಾ ಭಾಳ ಹೇಳಿದ್ನಿ ಅಕ್ಕಾ, ಬ್ಯಾಡ ಬ್ಯಾಡಂತ. ಎರಡೂ ಬೋಟ್ ಹತ್ತಿರ ಇದ್ವು. ಅಪ್ಪ ದಂಡಿ ಹಿಡಿ ಅಂದಾನ, ಅಕ್ಕನೂ ಅಂದಾಳ, ಅವ್ರು ನೀರ ಬಲ್ಲಾವ್ರು ಅಂತಂದು ಹಾರಿದ. ಅಲ್ಲಿಂದ ಕೈ ಮಾಡಿದ, ನೀನೂ ಬಾರಲೇ ಅಂತ."

ಕೇಳಿಸಿತ್ತು ಅವನಿಗೆ. ಪೂರ್ತಿ ಕೇಳಿಸಿತ್ತು.

ಮಂಜೂರನ ಎರಡೂ ಕೈ ಹಿಡಿದುಕೊಂಡೆ. "ಈ ಮಾತು ನಮ್ಮಪ್ಪನ ಮುಂದ ಆಡಬ್ಯಾಡೋ ತಮ್ಮಾ. ಬೋಟ್ ಬದಲಿ ಮಾಡಿದ್ದೂ ಹೇಳಬ್ಯಾಡ" ಅಂದೆ. ಅಲ್ಲಾನ ಮೇಲೆ ಆಣೆ ಮಾಡಿದ.

ಡಿಸೆಂಬರ್ 4, ಊರು

ಮಣ್ಣು ಮಾಡಿ ಬಂದೆವು. ಅಪ್ಪನಿಗೆ ಹೇಳಿದೆ. ಗವಿ ತನ್ನ ಬೋಟಿನಲ್ಲೇ ಇದ್ದ, ನಡುಸಮುದ್ರದಲ್ಲಿ ತೆರೆ ಹೊಡೆದು ಬಿದ್ದ, ನೀರು ತಾನೇ ದಂಡೆಗೆ ತಂದು ಹಾಕಿತು ಅಂತ. ಪೇಪರಿನವರು ಸತ್ತವರ ಸಂಖ್ಯೆ ಬರೆದಿದ್ದಾರೆ, ಹೆಸರು ಬರೆದಿಲ್ಲ. ಒಳ್ಳೆಯದಾಯಿತು.

ಅಪ್ಪ ಏನೂ ಕೇಳಲಿಲ್ಲ. ಕೇಳದಿರುವುದೇ ನನಗೆ ಭಯ.

ಬಂದ ದಿನವೇ ಅವ್ವ ಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕಿದ್ದಾಳೆ. ಕೊಡ, ಬೋಗುಣಿ, ತಂಬಿಗೆ, ಲೋಟ, ಎಲ್ಲ. ಬಾಗಿಲಿಗೆ ಬಂದವರು ಅದನ್ನು ನೋಡಿ ಅಲ್ಲೇ ನಿಂತುಬಿಡುತ್ತಾರೆ. ಅಪ್ಪನ ತೆಪ್ಪವೂ ದಂಡೆಯಲ್ಲಿ ಬೋರಲು ಬಿದ್ದಿದೆ.

ಡಿಸೆಂಬರ್ 7

ಗೋವಿಂದರಾಜ ಸರ್ ಫೋನ್ ಮಾಡಿದ್ದರು. "ಅಧ್ಯಾಯದ ವಿಚಾರ ಬಿಡಿ ಶಿವಲೀಲಾ, ಊಟ ಮಾಡಿದ್ರಾ?" ಅಂದರು. ಅವರನ್ನು ಎಷ್ಟು ಆಡಿಕೊಂಡಿದ್ದೇನೆ ನಾನು.

ಅಪ್ಪ ಅನ್ನ ಮುಟ್ಟುತ್ತಿಲ್ಲ. ನೀರಿಗೂ ಹೋಗುತ್ತಿಲ್ಲ. ಗೋಡೆಗೆ ಒರಗಿ ಕೂತು ಅಂಗೈ ನೋಡಿಕೊಳ್ಳುತ್ತಾನೆ. ನಿನ್ನೆ ಒಮ್ಮೆ, "ಫೋನ್ನಾಗ ನಾ ಭಾಳ ಜೋರಾಗಿ ಮಾತಾಡಿದ್ನೇನು?" ಅಂದ.

ಡಿಸೆಂಬರ್ 10

ಮಧ್ಯಾಹ್ನ ಅಪ್ಪ ತಾನೇ ಕರೆದ.

"ಲೀಲಾ, ನಿನ್ನ ಪುಸ್ತಕದಾಗ ಇಂಥಾದ್ದ ಬರ್ದಿರ್ತಾರಂತಲ್ಲ, ಸಮುದ್ರದಾಗ ಗಾಳಿಗೆ ಸಿಕ್ಕಾವ್ರದ್ದು. ಓದು ಒಂದೀಟು. ಹೆಂಗಿರ್ತೈತಂತ ತಿಳೀಲಿ."

ಚೀಲದಲ್ಲಿ ಇದ್ದದ್ದು ಮೂರನೇ ಕಾದಂಬರಿ ಒಂದೇ. ತೆಗೆದರೆ ಅದೇ ಅಧ್ಯಾಯ ತೆರೆದುಕೊಂಡಿತು, ಅಷ್ಟು ಸಲ ತೆರೆದಿದ್ದೆ. ಅವ್ವ ಬಂದು ಬಾಗಿಲಿಗೆ ಒರಗಿದಳು. ನಾನು ಓದತೊಡಗಿದೆ.

ಮೊದಲ ಪುಟ ಇದ್ದದ್ದು ಇದ್ದ ಹಾಗೇ ಓದಿದೆ. ಗಾಳಿ, ಮೋಡ, ಎರಡು ದೋಣಿ. ಆಮೇಲೆ ಅಚ್ಚಿನಲ್ಲಿ ಅಳಿವೆ ಎಂದಿದ್ದಲ್ಲಿ ನಡುಗಡಲು ಎಂದೆ. ದಡದಲ್ಲಿ ನಿಂತ ಜನರನ್ನು ತೆಗೆದುಹಾಕಿದೆ. ಹಗ್ಗ ತೆಗೆದೆ, ಕೂಗು ತೆಗೆದೆ. ಮರಳಿನ ಮಾತೇ ಬರಲಿಲ್ಲ. ದಡಕ್ಕೆ ಓಡಿದ ದೋಣಿಯನ್ನು ಮುದುಕನ ಜೊತೆ ಸುಖವಾಗಿ ಮನೆಗೆ ಮುಟ್ಟಿಸಿದೆ, ಅವನ ಸೊಸೆ ಗಂಜಿ ಬಿಸಿ ಮಾಡಿದಳು. ಆಳದಲ್ಲಿ ನಿಂತದ್ದನ್ನು ಮುಳುಗಿಸಿದೆ. ಒಂದು ಕಡೆಯೂ ನಾಲಿಗೆ ತೊಡರಲಿಲ್ಲ, ಕಣ್ಣು ಪುಟದ ಮೇಲೆ ಓಡುತ್ತಲೇ ಇತ್ತು. ಲೇಖಕ ಎಲ್ಲಿದ್ದರೂ ಕ್ಷಮಿಸಲಿ.

ಓದಿ ಮುಗಿಸಿದ ಮೇಲೆ ಅಪ್ಪ ಕೇಳಿದ.

"ಮುಳುಗಿದಾವ್ರಿಗೆ ದಂಡಿ ಎಷ್ಟ ದೂರ ಇತ್ತು?"

"ಭಾಳ ದೂರ ಇತ್ತಪ್ಪ. ಕಣ್ಣಿಗೇ ಕಾಣ್ತಿರಲಿಲ್ಲ."

"ಮುಟ್ಟಿದ್ರ ಉಳೀತಿದ್ರು."

"ಹೌದಪ್ಪ, ಉಳೀತಿದ್ರು."

"ನಮ್ಮ ಗವ್ಯಾಗೂ ನನ್ನ ಮಾತ ಕೇಳಿಸಲೇ ಇಲ್ಲ ನೋಡು. ಕೇಳಿಸಿದ್ರ ಬರ್ತಿದ್ದ."

"ಕೇಳಿಸಲಿಲ್ಲಪ್ಪ. ಏನಂದಿ, ಏನಂದಿ ಅಂತಿದ್ದ. ಅಷ್ಟರಾಗ ಲೈನ್ ಕಟ್ ಆತು."

ಅಪ್ಪ ಗೋಡೆಗೆ ಮುಖ ಮಾಡಿ ಅತ್ತ. ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಅವ್ವ ಹೋಗಿ ಬೆನ್ನಿನ ಮೇಲೆ ಕೈ ಇಟ್ಟಳು. ಸಾಕಷ್ಟು ಅತ್ತು, ಟವೆಲಿನಿಂದ ಮುಖ ಒರೆಸಿಕೊಂಡು, ನೀರು ಕೇಳಿದ. ಕುಡಿದ. ಆಮೇಲೆ ಮೂಲೆಯಲ್ಲಿದ್ದ ಬಲೆಯನ್ನು ಹೆಗಲಿಗೆ ಹಾಕಿಕೊಂಡು ದಂಡೆಯ ಕಡೆ ನಡೆದ.

ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ತೆಪ್ಪವನ್ನು ಮೇಲ್ಮುಖ ಮಾಡಿ ನೀರಿಗೆ ನೂಕಿದ, ಹತ್ತಿದ.

ಅವ್ವ ಒಳಗೆ ಹೋಗಿ ಕೊಡವನ್ನು ಎತ್ತಿ ಮೇಲ್ಮುಖ ಮಾಡಿ ಇಟ್ಟಳು. ನಾನು ಲೋಟಗಳನ್ನು ತಿರುಗಿಸಿದೆ.